ಬ್ಯಾಟ್ ಎಸೆದರೆ ಅಹಂಕಾರ, ಮೈಗೆ ಚೆಂಡು ಎಸೆದರೆ ಶಿಸ್ತಾ?

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬರುತ್ತಿರುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಬೇಸ್‌ಬಾಲ್ ಕೂಡ ವಾಪಸ್ ಬರುತ್ತಿದೆ. ನಮ್ಮ ಕಡೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು ಒಂದೇ ಸಭೆಯಲ್ಲಿ, 2023ರ ಅಕ್ಟೋಬರ್‌ನಲ್ಲಿ, ಅದೂ ಮುಂಬೈನಲ್ಲಿ.

ಬೇಸ್‌ಬಾಲ್ ನೋಡಿ ಅಂತ ಪ್ರಚಾರ ಮಾಡುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಐಪಿಎಲ್ ಬಂದಾಗಲೆಲ್ಲ ಒಂದು ವಾದ ಶುರುವಾಗುತ್ತದಲ್ಲ, ವಿಕೆಟ್ ತೆಗೆದವನು ಕುಣಿದ, ನೋಟ್‌ಬುಕ್‌ನಲ್ಲಿ ಬರೆದುಕೊಂಡ ಹಾಗೆ ಮಾಡಿದ, ಔಟಾದವನಿಗೆ ದಾರಿ ತೋರಿಸಿದ, ಇದೆಲ್ಲ ಸಜ್ಜನರ ಆಟಕ್ಕೆ ಒಪ್ಪುತ್ತಾ, ಹಿಂದಿನವರು ಹೀಗಿದ್ದರಾ ಅಂತ. ಈ ಜಗಳವನ್ನು ಬೇಸ್‌ಬಾಲ್‌ನವರು ನಮಗಿಂತ ತುಂಬಾ ಜಾಸ್ತಿ ಆಡಿದ್ದಾರೆ. ಅವರು ಆಡಿದ್ದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಸಂಭ್ರಮಿಸುವವನ ಕೈ ಏನು ಮಾಡಿತು ಅಂತ ನೋಡುವುದಕ್ಕಿಂತ ಎದುರಿಗಿರುವವನಿಗೆ ಪೆಟ್ಟು ಬಿದ್ದಾಗ, ಅನ್ಯಾಯ ಆದಾಗ ಅವನು ಏನು ಮಾಡಿದ ಅಂತ ನೋಡಬೇಕು. ಕುಣಿಯುವವರನ್ನು ಬೈಯುವವರಲ್ಲಿ ಎಷ್ಟೋ ಜನ ಈ ಎರಡನೇ ಪರೀಕ್ಷೆಯಲ್ಲಿ ಫೇಲ್ ಆಗುತ್ತಾರೆ.

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಚೆಂಡು ಎಸೆಯುವವನು ಪಿಚರ್. ಅವನಿಗೂ ಬ್ಯಾಟರ್‌ಗೂ ನಡುವೆ 60 ಅಡಿ 6 ಇಂಚು, ಅಂದರೆ ನಮ್ಮ ಪಿಚ್‌ಗಿಂತ ಸ್ವಲ್ಪ ಕಡಿಮೆ. ಚೆಂಡು ನೆಲಕ್ಕೆ ಬಡಿಯದೆ ನೇರ ಬರುತ್ತದೆ, ಗಂಟೆಗೆ 150 ಕಿ.ಮೀ. ವೇಗ ಈಗ ಮಾಮೂಲು. ಹೊಡೆದ ಚೆಂಡು ಬೇಲಿ ದಾಟಿದರೆ ಹೋಮ್ ರನ್. ನಮ್ಮಲ್ಲಿ ಸಿಕ್ಸರ್ ಹೊಡೆದವನು ಬ್ಯಾಟ್ ಹಿಡಿದುಕೊಂಡೇ ಇರುತ್ತಾನೆ. ಅಲ್ಲಿ ಬ್ಯಾಟ್ ಕೆಳಗೆ ಬಿಟ್ಟು ಮೈದಾನದಲ್ಲಿ ಗುರುತು ಮಾಡಿದ ನಾಲ್ಕು ಠಾಣೆ, ಅಂದರೆ ನಾಲ್ಕೂ ಬೇಸ್ ಸುತ್ತಿ ಬರಬೇಕು. ಬ್ಯಾಟ್ ಹೇಗೂ ಬಿಡಲೇಬೇಕು. ಸುಮ್ನೆ ಬಿಟ್ಟರೆ ಸರಿ, ಗಾಳಿಯಲ್ಲಿ ತಿರುಗುವ ಹಾಗೆ ಎಸೆದರೆ ಅದು ಬ್ಯಾಟ್ ಫ್ಲಿಪ್. ಇಷ್ಟೇ ವಿಷಯ. ಇಷ್ಟೇ ವಿಷಯಕ್ಕೆ ದವಡೆಗೆ ಗುದ್ದು ಬಿದ್ದಿದೆ.

2015ರ ಅಕ್ಟೋಬರ್ 14, ಟೊರಾಂಟೊ. ಬ್ಲೂ ಜೇಸ್ ಮತ್ತು ಟೆಕ್ಸಸ್ ರೇಂಜರ್ಸ್ ನಡುವೆ ಸರಣಿಯ ಐದನೇ ಪಂದ್ಯ, ಸೋತವರು ಮನೆಗೆ. ಏಳನೇ ಇನಿಂಗ್ಸ್‌ನಲ್ಲಿ ಯಾರೂ ಹಿಂದೆ ನೋಡಿರದ ಘಟನೆಯೊಂದು ನಡೆಯಿತು. ಟೊರಾಂಟೊದ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಚೆಂಡನ್ನು ಪಿಚರ್‌ಗೆ ವಾಪಸ್ ಎಸೆಯುವಾಗ ಅದು ಎದುರಾಳಿಯ ಬ್ಯಾಟಿಗೆ ತಗುಲಿ ಎತ್ತಲೋ ಹೋಯಿತು, ಟೆಕ್ಸಸ್‌ಗೆ ಪುಕ್ಕಟೆ ಒಂದು ರನ್ ಬಂತು. ಜನ ಸಿಟ್ಟಿಗೆದ್ದು ಮೈದಾನಕ್ಕೆ ಬಾಟಲಿ ಎಸೆದರು. ಆಮೇಲೆ ಟೆಕ್ಸಸ್ ಫೀಲ್ಡರ್‌ಗಳ ಸರದಿ, ಒಂದೇ ಇನಿಂಗ್ಸ್‌ನಲ್ಲಿ ಮೂರು ತಪ್ಪು ಮಾಡಿ ಸ್ಕೋರ್ 3-3 ಮಾಡಿಸಿಕೊಂಡರು. ಆಗ ಬಂದವನು ಹೊಸೆ ಬಾಟಿಸ್ಟಾ, ಡೊಮಿನಿಕನ್ ರಿಪಬ್ಲಿಕ್‌ನವನು. ಸ್ಯಾಮ್ ಡೈಸನ್ ಎಸೆದ ಚೆಂಡನ್ನು ಎತ್ತಿ ಗ್ಯಾಲರಿಗೆ ಹೊಡೆದ. ಮೂರು ರನ್. ಓಡಲಿಲ್ಲ. ಒಂದು ಗಳಿಗೆ ಹಾಗೇ ನಿಂತ, ಪಿಚರ್ ಕಡೆ ದುರುಗುಟ್ಟಿ ನೋಡಿದ, ಬ್ಯಾಟನ್ನು ಬೀಸಿ ಎಸೆದ. ಅದು ತಿರುಗುತ್ತಾ ಹೋಗಿ ಬಿತ್ತು. ಐವತ್ತು ಸಾವಿರದಷ್ಟು ಜನ ಹುಚ್ಚರ ಹಾಗೆ ಕೂಗಿದರು. ಟೊರಾಂಟೊ 6-3ರಲ್ಲಿ ಗೆದ್ದಿತು.

ಆ ಬ್ಯಾಟ್ ಎಸೆತ ಮುಂದಿನ ವರ್ಷದವರೆಗೂ ಕೆಲವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಳೆಯ ಕಾಲದ ದೊಡ್ಡ ಪಿಚರ್ ಗೂಸ್ ಗಾಸೇಜ್ ಅವನನ್ನು ಆಟಕ್ಕೇ ಕಳಂಕ ಅಂತ ಬೈದ. 2016ರ ಮೇ 15ಕ್ಕೆ ಆ ಸೀಸನ್‌ನ ಲೀಗ್ ಹಂತದಲ್ಲಿ ಎರಡೂ ತಂಡ ಕೊನೆಯ ಸಲ ಎದುರಾದವು, ಈ ಸಲ ಟೆಕ್ಸಸ್‌ನಲ್ಲಿ. ಎಂಟನೇ ಇನಿಂಗ್ಸ್‌ನಲ್ಲಿ ಚೆಂಡು ಬಾಟಿಸ್ಟಾನ ಮೈಗೆ ಬಡಿಯಿತು. ಏಳು ತಿಂಗಳು ಕಾದು ಕೊನೆಯ ಅವಕಾಶದಲ್ಲಿ! ಬಾಟಿಸ್ಟಾ ಸಿಟ್ಟಿನಲ್ಲಿ ಎರಡನೇ ಬೇಸ್‌ಗೆ ಜೋರಾಗಿ ಜಾರಿಕೊಂಡು ಬಂದ, ಅಲ್ಲಿದ್ದ ರೂಗ್ನೆಡ್ ಓಡೋರ್ ಅವನ ದವಡೆಗೆ ಒಂದು ಬಾರಿಸಿದ. ಕನ್ನಡಕ ಹಾರಿತು, ಹೆಲ್ಮೆಟ್ ಬಿತ್ತು. ಆ ಫೋಟೊ ಇವತ್ತಿಗೂ ಓಡಾಡುತ್ತಿದೆ. ಓಡೋರ್‌ಗೆ 8 ಪಂದ್ಯ ನಿಷೇಧ, ಮೇಲ್ಮನವಿಯಲ್ಲಿ 7 ಆಯಿತು. ಬಾಟಿಸ್ಟಾಗೂ 1 ಪಂದ್ಯ. ಆ ವರ್ಷದ ಅಕ್ಟೋಬರ್‌ನಲ್ಲಿ ನಾಕೌಟ್‌ನಲ್ಲಿ ಅದೇ ಎರಡು ತಂಡ ಮತ್ತೆ ಎದುರಾದವು, ಅದೇ ಓಡೋರ್ ಅಡ್ಡಾದಿಡ್ಡಿ ಎಸೆದ ಒಂದು ಚೆಂಡಿನಿಂದ ಟೆಕ್ಸಸ್ ಹೊರಬಿತ್ತು. ಇದನ್ನು ಹೇಳದೆ ಇರಲಾಗಲಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಲಿಖಿತ ನಿಯಮ ಅಂತ ಒಂದು ಕಟ್ಟು ಇದೆ. ಹೋಮ್ ರನ್ ಹೊಡೆದು ನಿಂತು ನೋಡಬಾರದು. ನಿಧಾನವಾಗಿ ಓಡಬಾರದು. ತಂಡ ತುಂಬಾ ಮುಂದಿದ್ದಾಗ ಬೇಸ್ ಕದಿಯಬಾರದು, ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡಬಾರದು. ಪಿಚರ್ ಯಾರಿಗೂ ಹೊಡೆಯಲು ಬಿಡದೆ ದಾಖಲೆಯ ಹತ್ತಿರ ಇದ್ದಾಗ ಮೆಲ್ಲಗೆ ತಟ್ಟಿ ಓಡಬಾರದು. ಯಾವ ಪುಸ್ತಕದಲ್ಲೂ ಇಲ್ಲ, ಮದುವೆ ಊಟದಲ್ಲಿ ಎಲೆಯ ತುದಿ ಯಾವ ಕಡೆ ಇರಬೇಕು ಅನ್ನುವ ಹಾಗೆ, ತಪ್ಪಿದರೆ ಮಾತ್ರ ಎಲ್ಲರ ಕಣ್ಣೂ ನಿಮ್ಮ ಮೇಲೆ. ಇದರಲ್ಲಿ ಕೆಲವು ಒಳ್ಳೆಯವೇ. ಸೋಲುತ್ತಿರುವವನನ್ನು ಇನ್ನೂ ತುಳಿಯಬೇಡ ಅನ್ನುವುದರಲ್ಲಿ ತಪ್ಪೇನಿದೆ? ತೊಂದರೆ ಇರುವುದು ಶಿಕ್ಷೆಯಲ್ಲಿ. ನಿಯಮ ಮುರಿದವನಿಗೆ, ಅಥವಾ ಅವನ ತಂಡದ ಬೇರೆ ಯಾರಿಗೋ, ಮುಂದಿನ ಸಲ ಮೈಮೇಲೆ ಚೆಂಡು.

2020ರ ಆಗಸ್ಟ್ 17ರ ಕಥೆ ಕೇಳಿ. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ಸ್ಯಾನ್ ಡಿಯೇಗೊ ಪಡ್ರೇಸ್ ತಂಡ ಎಂಟನೇ ಇನಿಂಗ್ಸ್‌ನಲ್ಲಿ 10-3ರಿಂದ ಮುಂದಿತ್ತು. ಎದುರಾಳಿ ಮತ್ತೆ ಟೆಕ್ಸಸ್. ಮೂರೂ ಬೇಸ್‌ನಲ್ಲಿ ಓಟಗಾರರು. ಬ್ಯಾಟ್ ಹಿಡಿದು ನಿಂತವನು 21 ವರ್ಷದ ಫರ್ನಾಂಡೊ ಟಾಟಿಸ್ ಜೂನಿಯರ್. ಪಿಚರ್ ಸಾಲಾಗಿ ಮೂರು ಚೆಂಡು ಹೊರಗೆ ಎಸೆದಿದ್ದ. ಇನ್ನೊಂದು ಹೊರಗೆ ಹೋದರೆ ಬ್ಯಾಟರ್‌ಗೆ ಪುಕ್ಕಟೆ ಬೇಸ್, ಹಾಗಾಗಿ ನಾಲ್ಕನೆಯದನ್ನು ಅವನು ನೇರ ಎಸೆಯಲೇಬೇಕು. ಇಷ್ಟು ಮುಂದಿರುವಾಗ ಅಂಥ ಚೆಂಡನ್ನು ಹೊಡೆಯದೆ ಬಿಡಬೇಕಂತೆ. ಹುಡುಗ ಹೊಡೆದ. ಗ್ರ್ಯಾಂಡ್ ಸ್ಲ್ಯಾಮ್, ನಾಲ್ಕು ರನ್. ಟೆಕ್ಸಸ್ ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಹಾಗೆ ಅನ್ನುತ್ತಾರೆ) ಕ್ರಿಸ್ ವುಡ್‌ವರ್ಡ್‌ಗೆ ಸಿಟ್ಟು ಬಂತು. ಅದು ಹೋಗಲಿ ಅಂದರೆ ಪಡ್ರೇಸ್ ಮ್ಯಾನೇಜರ್ ಕೂಡ ಬಿಡು ಅಂತ ಸನ್ನೆ ಮಾಡಿದ್ದೆ, ಅವನು ನೋಡಲಿಲ್ಲ ಅಂದ. ಹುಡುಗ ಪಾಪ, ಮುಂದಿನ ಸಲ ಬಿಡುತ್ತೇನೆ ಅಂದ. (ಇವನ ಅಪ್ಪ ಇದ್ದಾನಲ್ಲ, ಸೀನಿಯರ್ ಟಾಟಿಸ್, 1999ರಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದವನು. ಮಗನಿಗೆ ಬಿಡುವುದು ಎಲ್ಲಿಂದ ಬರಬೇಕು!)

ಶಿಕ್ಷೆ ಯಾರಿಗೆ ಬಿತ್ತು ನೋಡಿ. ಹೊಸ ಪಿಚರ್ ಬಂದು ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊನ ಬೆನ್ನ ಹಿಂದೆ ಚೆಂಡು ಎಸೆದ. ಮಚಾಡೊ ಏನು ಮಾಡಿದ್ದ? ಏನೂ ಇಲ್ಲ, ಸರದಿಯಲ್ಲಿ ಮುಂದಿನವನಾಗಿದ್ದ ಅಷ್ಟೇ. ಆ ಪಿಚರ್‌ಗೆ 3 ಪಂದ್ಯ, ವುಡ್‌ವರ್ಡ್‌ಗೆ 1 ಪಂದ್ಯ ನಿಷೇಧ ಆಯಿತು. ಒಳ್ಳೆಯದೇ ಆಯಿತು.

ಮುಂದಿನ ವರ್ಷ ಇನ್ನೂ ತಮಾಷೆ. 2021ರ ಮೇ 17ರಂದು ಶಿಕಾಗೊ ವೈಟ್ ಸಾಕ್ಸ್ 15-4ರಿಂದ ಮುಂದೆ, ಮಿನೆಸೊಟ ಟ್ವಿನ್ಸ್ ಕೈ ಚೆಲ್ಲಿ ಕೂತಿತ್ತು. ಪಿಚರ್‌ಗಳನ್ನು ಯಾಕೆ ಸುಸ್ತು ಮಾಡಬೇಕು ಅಂತ ಪಿಚರ್ ಅಲ್ಲದ ಅಸ್ಟುಡಿಯೊನನ್ನು ಎಸೆಯಲು ಕಳಿಸಿದರು. ಅವನು ಗಂಟೆಗೆ 75 ಕಿ.ಮೀ. ಆಸುಪಾಸಿನಲ್ಲಿ, ತೇಲಿಸಿ ಎಸೆಯುತ್ತಿದ್ದ. ಶಿಕಾಗೊದ ಹೊಸಬ ಯೆರ್ಮಿನ್ ಮರ್ಸೆಡೆಸ್ ಅಂಥದ್ದೊಂದನ್ನು ಎತ್ತಿ ಬೇಲಿಯಾಚೆ ಹಾಕಿದ. ಇಲ್ಲೂ ಮೂರು ಚೆಂಡು ಹೊರಗೆ ಹೋಗಿದ್ದವು. ಅವನದೇ ತಂಡದ ಮ್ಯಾನೇಜರ್, 76 ವರ್ಷದ ಟೋನಿ ಲಾ ರೂಸಾ, ಪತ್ರಕರ್ತರ ಮುಂದೆ ತನ್ನ ಆಟಗಾರನನ್ನೇ ತರಾಟೆಗೆ ತೆಗೆದುಕೊಂಡ. ಮಾರನೇ ದಿನ ಟ್ವಿನ್ಸ್ ಪಿಚರ್ ಮರ್ಸೆಡೆಸ್‌ನ ಕಾಲಿನ ಹಿಂದೆ ಚೆಂಡು ಎಸೆದ, ಅಂಪೈರ್ ಅವನನ್ನು ಮೈದಾನದಿಂದ ಹೊರಗೆ ಕಳಿಸಿದ. ಲಾ ರೂಸಾ ಅದಕ್ಕೂ ತನಗೇನೂ ತಕರಾರಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದ. ಪಿಚರ್ ಅಲ್ಲದವನನ್ನು ಎಸೆಯಲು ಕಳಿಸುವುದು ಆಟಕ್ಕೆ ಅವಮಾನ ಅಲ್ಲ, ಅವನನ್ನು ಹೊಡೆಯುವುದು ಅವಮಾನ! ಈ ತರ್ಕ ನನ್ನ ತಲೆಗೆ ಇವತ್ತಿಗೂ ಇಳಿದಿಲ್ಲ.

ಮೈಗೆ ಒಂದು ಚೆಂಡು ಬಿದ್ದರೆ ಏನಾಯ್ತು ಅನ್ನುವವರು 1920ರ ಆಗಸ್ಟ್ ನೆನಪಿಸಿಕೊಳ್ಳಬೇಕು. ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ನ್ಯೂಯಾರ್ಕ್‌ನಲ್ಲಿ ಚೆಂಡು ಬಡಿಯಿತು, ಮಾರನೇ ದಿನ ಬೆಳಗ್ಗೆ ತೀರಿಕೊಂಡ. ಅದು ಬೇಕೆಂದೇ ಎಸೆದದ್ದು ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಫಿಲಿಪ್ ಹ್ಯೂಸ್‌ಗೆ ಬಡಿದದ್ದೂ ಬೇಕೆಂದು ಎಸೆದದ್ದಲ್ಲ. ಚೆಂಡಿಗೆ ಉದ್ದೇಶ ಗೊತ್ತಾಗುವುದಿಲ್ಲ ಅಲ್ವಾ? ಬೆನ್ನಿಗೆ ಅಂತ ಗುರಿ ಇಟ್ಟದ್ದು ಕೈ ಜಾರಿದರೆ ಒಂದೂವರೆ ಅಡಿ ಮೇಲೆ ಹೋಗುತ್ತದೆ, ಅಷ್ಟೇ ದೂರ.

ಈಗ ಕೊರಿಯಾಕ್ಕೆ ಬನ್ನಿ. ಅಲ್ಲಿ ಬ್ಯಾಟ್ ಎಸೆಯುವುದು ದಿನನಿತ್ಯದ ಮಾತು. ಹೋಮ್ ರನ್ ಹೊಡೆದವನು ಎಸೆಯುತ್ತಾನೆ, ಹೊಡೆದೆ ಅಂದುಕೊಂಡವನೂ ಎಸೆಯುತ್ತಾನೆ, ಪಿಚರ್ ಅದಕ್ಕೆ ಮುಯ್ಯಿ ತೀರಿಸಲು ಹೋಗುವುದಿಲ್ಲ. ಸ್ಟೇಡಿಯಂನಲ್ಲಿ ಇಡೀ ಪಂದ್ಯ ಹಾಡು, ಡೋಲು, ಪ್ರತಿ ಆಟಗಾರನಿಗೂ ಅವನದೇ ಹಾಡು. ಆ ಗದ್ದಲದಲ್ಲಿ ಬ್ಯಾಟ್ ಎಸೆದರೆ ಯಾರಿಗೆ ನೋವಾಗಬೇಕು? 2020ರ ಮೇ 5ರಂದು ಜಗತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲ ಆಟವೂ ನಿಂತಿದ್ದಾಗ ಕೊರಿಯಾ ಲೀಗ್ ಖಾಲಿ ಮೈದಾನದಲ್ಲಿ ಶುರುವಾಯಿತು, ಅಮೆರಿಕದ ಇಎಸ್‌ಪಿಎನ್ ಅದನ್ನು ನೇರ ತೋರಿಸಿತು. ಹೊತ್ತಲ್ಲದ ಹೊತ್ತಲ್ಲಿ ಎದ್ದು ಕೂತ ಅಮೆರಿಕದವರು ಕಾಯುತ್ತಿದ್ದದ್ದು ಏನಕ್ಕೆ ಅಂತೀರಿ? ಬ್ಯಾಟ್ ಫ್ಲಿಪ್‌ಗೆ! ತಮ್ಮ ದೇಶದಲ್ಲಿ ಮಾಡಿದರೆ ಕಳಂಕ, ಕೊರಿಯಾದವನು ಮಾಡಿದರೆ ಮನರಂಜನೆ.

ಕೊರಿಯಾದ ಬ್ಯಾಟ್ ಎಸೆತಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 2013ರದ್ದು. ಲೊಟ್ಟೆ ಜಯಂಟ್ಸ್‌ನ ಜಿಯೋನ್ ಜುನ್-ವೂ ಚೆಂಡನ್ನು ಎತ್ತಿ ಹೊಡೆದ, ಬ್ಯಾಟನ್ನು ಚೆಂದವಾಗಿ ಬಿಸಾಡಿದ, ತನ್ನವರ ಕಡೆ ಬೆರಳು ತೋರಿಸುತ್ತಾ ಮೊದಲ ಬೇಸ್ ಕಡೆ ಹೊರಟ. ಚೆಂಡು ಬೇಲಿ ದಾಟಲೇ ಇಲ್ಲ. ಬೇಲಿ ಹತ್ತಿರ ಫೀಲ್ಡರ್ ಆರಾಮಾಗಿ ಹಿಡಿದ. ಜಿಯೋನ್ ಮುಖ ನೋಡಬೇಕಿತ್ತು! ಅವನಿಗೆ ಯಾರೂ ಚೆಂಡಿನಲ್ಲಿ ಹೊಡೆಯುವುದು ಬೇಕಿರಲಿಲ್ಲ. ಕೊಚ್ಚಿಕೊಂಡವನಿಗೆ ಆಟವೇ ಪಾಠ ಕಲಿಸಿತು, ಜನ ನಕ್ಕರು, ಮುಗಿಯಿತು.

ಕೊರಿಯಾದವರು ಸಭ್ಯತೆ ಬಿಟ್ಟವರು ಅಂದುಕೊಳ್ಳಬೇಡಿ. ಬ್ಯಾಟರ್ ಮೈಗೆ ಚೆಂಡು ತಗುಲಿದರೆ ಅಲ್ಲಿ ಎಷ್ಟೋ ಸಲ ಪಿಚರ್ ಟೋಪಿ ತೆಗೆದು ತಲೆ ಬಾಗಿಸುತ್ತಾನೆ, ಜಪಾನ್‌ನಲ್ಲೂ ಅಷ್ಟೇ. ಅಮೆರಿಕದ ಪಿಚರ್ ಹಾಗೆ ಮಾಡುವುದು ಅಪರೂಪ, ಮೆತ್ತಗಾದ ಅಂದುಕೊಂಡಾರು ಅನ್ನುವ ಅಂಜಿಕೆ. ಅಂದರೆ ಬ್ಯಾಟ್ ಎಸೆಯುವ ದೇಶದಲ್ಲಿ ಕ್ಷಮೆ ಕೇಳುತ್ತಾರೆ, ಬ್ಯಾಟ್ ಎಸೆಯಬಾರದು ಅನ್ನುವ ದೇಶದಲ್ಲಿ ಕ್ಷಮೆ ಕೇಳಲು ನಾಚಿಕೆ. ಯಾವುದು ಮರ್ಯಾದೆ ನೀವೇ ಹೇಳಿ.

ಕೆರಿಬಿಯನ್ ಕಡೆಯವರದ್ದು ಮತ್ತೊಂದು ಬಗೆ. ಡೊಮಿನಿಕನ್ ರಿಪಬ್ಲಿಕ್, ವೆನಿಜುವೆಲಾ, ಪೋರ್ಟೊರಿಕೊ, ಕ್ಯೂಬಾದಲ್ಲಿ ಬೇಸ್‌ಬಾಲ್ ಅಂದರೆ ಜಾತ್ರೆ, ತುತ್ತೂರಿ, ಕುಣಿತ. ದೇಶ ದೇಶಗಳ ನಡುವೆ ನಡೆಯುವ ಟೂರ್ನಿಯಾದ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ, 2013ರಲ್ಲಿ, ಡೊಮಿನಿಕನ್ ಪಿಚರ್ ಫರ್ನಾಂಡೊ ರೋಡ್ನಿ ಅದೃಷ್ಟಕ್ಕೆ ಅಂತ ಒಂದು ಬಾಳೆಕಾಯಿ ಇಟ್ಟುಕೊಂಡು ಓಡಾಡುತ್ತಿದ್ದ. ಪಂದ್ಯ ಮುಗಿಸಿದಾಗಲೆಲ್ಲ ಆಕಾಶಕ್ಕೆ ಬಾಣ ಬಿಟ್ಟ ಹಾಗೆ ಅಭಿನಯ. ಆ ತಂಡ ಆಡಿದ 8 ಪಂದ್ಯವನ್ನೂ ಗೆದ್ದು ಕಪ್ ತೆಗೆದುಕೊಂಡು ಹೋಯಿತು. ಈ ಹುಡುಗರು ಹದಿನಾರು ಹದಿನೇಳು ವಯಸ್ಸಿಗೇ ಅಮೆರಿಕದ ಕ್ಲಬ್‌ಗಳಿಗೆ ಸಹಿ ಹಾಕಿ, ಭಾಷೆ ಬಾರದ ಊರಿಗೆ ಹೋಗುತ್ತಾರೆ. ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಈಗ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಆಟಗಾರರು ಅಮೆರಿಕದ ಹೊರಗೆ ಹುಟ್ಟಿದವರು. ಆಟ ಅವರದ್ದು ಬೇಕು, ಆಟದ ಖುಷಿ ಮಾತ್ರ ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರಬೇಕಾ?

ಇದು ನನ್ನ ಊಹೆ ಅಷ್ಟೇ ಅಲ್ಲ. 2015ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಹಿಂದಿನ ಐದು ಸೀಸನ್‌ಗಳಲ್ಲಿ ಎರಡೂ ಕಡೆಯ ಆಟಗಾರರು ಮೈದಾನಕ್ಕೆ ನುಗ್ಗಿದ 67 ಗಲಾಟೆಗಳನ್ನು ಲೆಕ್ಕ ಹಾಕಿತ್ತು. ಅದರಲ್ಲಿ 87 ಪ್ರತಿಶತ ಜಗಳಗಳಲ್ಲಿ ಮುಖ್ಯವಾಗಿ ಎದುರುಬದುರಾದವರು ಬೇರೆ ಬೇರೆ ಜನಾಂಗದ ಹಿನ್ನೆಲೆಯವರು. ಹೌದು, ಬಾಟಿಸ್ಟಾನನ್ನು ಗುದ್ದಿದ ಓಡೋರ್ ವೆನಿಜುವೆಲಾದವನು, ಅಲ್ಲಿಗೆ ಈ ಲೆಕ್ಕ ಅಷ್ಟು ನೇರ ಅಲ್ಲ. ಅಲ್ಲಿನ ಕಟ್ಟಳೆಯೊಳಗೆ ಬೆಳೆದವರು ಯಾವ ದೇಶದವರಾದರೂ ಅದನ್ನು ಕಲಿತುಬಿಡುತ್ತಾರೆ.

ಜಪಾನ್ ವಿಷಯ ಬಂದರೆ ನಮ್ಮವರು ಕೂಡಲೇ ಶಿಸ್ತು, ವಿನಯ ಅಂತ ಕೊಂಡಾಡಲು ಶುರು ಮಾಡುತ್ತಾರೆ. ನೋಡಲು ಚೆಂದ ಇದೆ, ಒಪ್ಪುತ್ತೇನೆ. ಒಸಾಕಾ ಪಕ್ಕದ ನಿಶಿನೊಮಿಯಾದಲ್ಲಿ 1924ರಲ್ಲಿ ಕಟ್ಟಿದ ಕೋಶಿಯನ್ ಮೈದಾನ ಇದೆ, ಪ್ರೌಢಶಾಲೆ ಹುಡುಗರ ದೊಡ್ಡ ಟೂರ್ನಿ ನಡೆಯುವುದು ಅಲ್ಲೇ. ಸೈರನ್ ಕೂಗುತ್ತದೆ, ಎರಡೂ ತಂಡ ಓಡಿ ಬಂದು ಎದುರುಬದುರು ಸಾಲು ನಿಂತು ಟೋಪಿ ತೆಗೆದು ಬಾಗುತ್ತವೆ. ಮುಗಿದ ಮೇಲೂ ಹಾಗೇ. ಗೆದ್ದ ಶಾಲೆಯ ಗೀತೆ ಮೊಳಗುತ್ತದೆ. ಸೋತ ಹುಡುಗರು ಅಳುತ್ತಾ ಮೊಣಕಾಲೂರಿ ಮೈದಾನದ ಕಪ್ಪು ಮಣ್ಣನ್ನು ಕೈಯಲ್ಲಿ ಬಳಿದು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ.

ಅದೇ ಕೋಶಿಯನ್‌ನಲ್ಲಿ 2023ರ ಮಾರ್ಚ್ 18ರಂದು ಏನಾಯಿತು ಗೊತ್ತಾ? ಆಗ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ನಡೆಯುತ್ತಿತ್ತು. ಜಪಾನ್ ತಂಡದ ಲಾರ್ಸ್ ನೂಟ್‌ಬಾರ್ ಕಾಳುಮೆಣಸು ಪುಡಿ ಮಾಡುವ ಗಿರಣಿ ತಿರುಗಿಸಿದ ಹಾಗೆ ಎರಡೂ ಕೈ ತಿರುಗಿಸುತ್ತಿದ್ದ, ಇಡೀ ದೇಶಕ್ಕೆ ಅದರ ಹುಚ್ಚು ಹಿಡಿದಿತ್ತು. ತೊಹೊಕು ಶಾಲೆಯ ಹುಡುಗನೊಬ್ಬ ಎದುರಾಳಿಯ ತಪ್ಪಿನಿಂದ ಮೊದಲ ಬೇಸ್ ತಲುಪಿ ಅದನ್ನೇ ಮಾಡಿದ. ಅಂಪೈರ್ ಎಚ್ಚರಿಕೆ ಕೊಟ್ಟರು. ಅವರ ಕೋಚ್‌ಗೆ ಬೇಜಾರಾಗಿ, ಮಕ್ಕಳು ಖುಷಿಯಾಗಿ ಆಡುವುದರಲ್ಲಿ ತಪ್ಪೇನು ಅಂತ ಪತ್ರಕರ್ತರ ಮುಂದೆ ಕೇಳಿದರು. ಬೇಡದ ಅಭಿನಯ ಬೇಡ ಅಂತ ಮೊದಲಿಂದ ಹೇಳುತ್ತಾ ಬಂದಿದ್ದೇವೆ ಅಂತ ಒಕ್ಕೂಟದ ಉತ್ತರ. ಒಂದು ದೃಷ್ಟಿಯಲ್ಲಿ ಒಕ್ಕೂಟದ ಮಾತು ಪೂರ್ತಿ ಸುಳ್ಳಲ್ಲ, ಎದುರಾಳಿ ಹುಡುಗ ಚೆಂಡು ಕೈಬಿಟ್ಟಿದ್ದಕ್ಕೆ ಸಿಕ್ಕ ಬೇಸ್ ಅದು. ಆದರೂ ದೊಡ್ಡವರು ಮಾಡಿದರೆ ದೇಶವೇ ಕುಣಿಯುತ್ತದೆ, ಶಾಲೆ ಹುಡುಗ ಮಾಡಿದರೆ ಬುದ್ಧಿವಾದ. ಅದೇ ವರ್ಷ ಆಗಸ್ಟ್‌ನಲ್ಲಿ ಕೋಶಿಯನ್ ಗೆದ್ದ ಕೇಯೊ ಶಾಲೆಯ ಹುಡುಗರು ಶಾಲಾ ತಂಡಗಳ ಹಳೆಯ ರೂಢಿಯ ಹಾಗೆ ತಲೆ ಬೋಳಿಸಿರಲಿಲ್ಲ, ಆಡುವುದೇ ಖುಷಿಗೆ ಅಂತ ಹೇಳಿಕೊಂಡು ಬಂದವರು. 107 ವರ್ಷದ ನಂತರ ಆ ಶಾಲೆ ಗೆದ್ದದ್ದು. ಜಪಾನ್‌ನಲ್ಲೂ ಈ ಚರ್ಚೆ ಮುಗಿದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ನನಗೆ ಜಪಾನ್‌ನಿಂದ ತೆಗೆದುಕೊಳ್ಳಬೇಕು ಅನ್ನಿಸಿದ್ದು ಬೇರೆ. ಅದೇ 2023ರ ಮಾರ್ಚ್ 11, ಟೋಕಿಯೊ ಡೋಮ್, ಜಪಾನ್ ಎದುರು ಚೆಕ್ ಗಣರಾಜ್ಯ. ಚೆಕ್ ತಂಡದಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡುತ್ತಾ ಆಡುವವರು. ಮ್ಯಾನೇಜರ್ ನರರೋಗ ವೈದ್ಯ. ಒಬ್ಬ ಪಿಚರ್ ಎಲೆಕ್ಟ್ರಿಷಿಯನ್, ಆ ಎಲೆಕ್ಟ್ರಿಷಿಯನ್ನೇ ಜಪಾನ್‌ನ ದೊಡ್ಡ ತಾರೆ ಶೊಹೆಯ್ ಒಹ್ಟಾನಿಯನ್ನು ಔಟ್ ಮಾಡಿದ! ಜಪಾನ್‌ಗೆ ಎಸೆಯುತ್ತಿದ್ದವನು ರೋಕಿ ಸಸಾಕಿ. 2011ರ ಅದೇ ದಿನ ಬಂದ ಸುನಾಮಿಯಲ್ಲಿ ಅಪ್ಪನನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡ ಹುಡುಗ. ಅವನ 162 ಕಿ.ಮೀ. ವೇಗದ ಚೆಂಡು ವಿಲ್ಲಿ ಎಸ್ಕಾಲಾನ ಮೊಣಕಾಲಿಗೆ ಬಡಿಯಿತು. ಎಸ್ಕಾಲಾ ನೆಲಕ್ಕೆ ಬಿದ್ದು ಹೊರಳಾಡಿದ. ಸ್ವಲ್ಪ ಹೊತ್ತಿಗೆ ಎದ್ದು ಮೊದಲ ಬೇಸ್‌ಗೆ ಬಂದು, ನೋಡಿ ನನಗೇನೂ ಆಗಿಲ್ಲ ಅನ್ನುವ ಹಾಗೆ ಗೆರೆಯ ಉದ್ದಕ್ಕೂ ಓಡಿ ತೋರಿಸಿದ. ಇಡೀ ಡೋಮ್ ಚಪ್ಪಾಳೆ ಹೊಡೆಯಿತು. ಸಸಾಕಿ ಟೋಪಿ ತೆಗೆದ. ಆಮೇಲೆ ಚೆಕ್ ತಂಡ ಇದ್ದ ಹೋಟೆಲ್‌ಗೆ ಎರಡು ದೊಡ್ಡ ಚೀಲದ ತುಂಬಾ ಚಾಕೊಲೇಟ್, ಮಿಠಾಯಿ ಹೊತ್ತುಕೊಂಡು ತಾನೇ ಹೋದ. ಒಹ್ಟಾನಿ ನಾಕೌಟ್ ಆಡಲು ಮಯಾಮಿಯಲ್ಲಿ ವಿಮಾನ ಇಳಿದಾಗ ತಲೆ ಮೇಲೆ ಇದ್ದದ್ದು ಚೆಕ್ ತಂಡದ ಟೋಪಿ. ಆ ಫೈನಲ್ ನಡೆದದ್ದು ನಮ್ಮ ಗಡಿಯಾರದಲ್ಲಿ ಯುಗಾದಿ ಬೆಳಗ್ಗೆ ನಾಲ್ಕೂವರೆಗೆ. ಕೊನೆಯ ಚೆಂಡಿಗೆ ಅಮೆರಿಕದ ಮೈಕ್ ಟ್ರೌಟ್‌ನನ್ನು ಔಟ್ ಮಾಡಿ ಒಹ್ಟಾನಿ ಕೈಗವಸು ಎಸೆದ, ಟೋಪಿ ಎಸೆದ, ಗಂಟಲು ಹರಿಯುವ ಹಾಗೆ ಕೂಗಿದ. ವಿನಯದ ದೇಶದವನು! ಯಾರಾದರೂ ಬೈದರಾ?

ಕೈ ಮೇಲೆತ್ತಿ ಅಂಗೈಗೆ ಅಂಗೈ ಹೊಡೆಯುವ ಹೈ ಫೈವ್ ಕೂಡ ಬೇಸ್‌ಬಾಲ್ ಕೊಟ್ಟದ್ದು ಅಂತಲೇ ಹೆಚ್ಚಿನವರು ಹೇಳುತ್ತಾರೆ. 1977ರ ಅಕ್ಟೋಬರ್ 2, ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡದ ಡಾಡ್ಜರ್ ಸ್ಟೇಡಿಯಂ. ಡಸ್ಟಿ ಬೇಕರ್ ಆ ಸೀಸನ್‌ನ ತನ್ನ 30ನೇ ಹೋಮ್ ರನ್ ಹೊಡೆದು ಬಂದಾಗ ಗ್ಲೆನ್ ಬರ್ಕ್ ಕೈ ಮೇಲೆತ್ತಿ ನಿಂತಿದ್ದ, ಏನು ಮಾಡಬೇಕೋ ತಿಳಿಯದೆ ಬೇಕರ್ ಅದಕ್ಕೆ ಹೊಡೆದ. ಮುಂದಿನವನಾಗಿ ಹೋದ ಬರ್ಕ್ ತಾನೂ ಹೋಮ್ ರನ್ ಹೊಡೆದು ಬಂದ, ಈಗ ಬೇಕರ್ ಕೈ ಎತ್ತಿದ. ಬರ್ಕ್ ಸಲಿಂಗಿ. ಮುಂದಿನ ವರ್ಷವೇ ಡಾಡ್ಜರ್ಸ್ ಅವನನ್ನು ಓಕ್ಲಂಡ್‌ಗೆ ಕೊಟ್ಟುಬಿಟ್ಟಿತು, 1979ರ ನಂತರ ಮೇಜರ್ ಲೀಗ್‌ನಲ್ಲಿ ಅವನು ಆಡಲೇ ಇಲ್ಲ. ಇವತ್ತು ಚಿನ್ನಸ್ವಾಮಿಯಲ್ಲಿ ವಿಕೆಟ್ ಬಿದ್ದಾಗಲೆಲ್ಲ ಅವನ ಸನ್ನೆ ಮಾಡುತ್ತಾರೆ, ಹೆಸರು ಯಾರಿಗೂ ಗೊತ್ತಿಲ್ಲ. ಅಮೆರಿಕದವರ ಸಂಭ್ರಮವೆಲ್ಲ ಒಣ ಅಂತಲೂ ಅಲ್ಲ. ಹೊಸಬನ ಮೊದಲ ಹೋಮ್ ರನ್‌ಗೆ ತಂಡದವರೆಲ್ಲ ಬೇಕೆಂದೇ ನೋಡದ ಹಾಗೆ ಕೂರುವ ಪದ್ಧತಿ ಇದೆ. 2018ರ ಏಪ್ರಿಲ್‌ನಲ್ಲಿ ಒಹ್ಟಾನಿ ಅಮೆರಿಕದಲ್ಲಿ ಮೊದಲ ಹೋಮ್ ರನ್ ಹೊಡೆದು ಬಂದಾಗ ಎಲ್ಲರೂ ಬೆನ್ನು ತಿರುಗಿಸಿ ನಿಂತಿದ್ದರು. ಪಾಪ, ಕೈ ಎತ್ತಿಕೊಂಡು ನೋಡಿದ, ಯಾರೂ ಇಲ್ಲ. ಕೊನೆಗೆ ಇಯಾನ್ ಕಿನ್ಸ್ಲರ್‌ನನ್ನು ಹಿಂದಿನಿಂದ ಹಿಡಿದು ಅಲ್ಲಾಡಿಸಿದ, ಆಮೇಲೆ ಎಲ್ಲರೂ ಮೇಲೆ ಬಿದ್ದರು.

ಅನ್ಯಾಯ ಆದಾಗ ಹೇಗಿರಬೇಕು ಅಂದರೆ ನಾನು ತೋರಿಸುವುದು 2010ರ ಜೂನ್ 2ರ ಡೆಟ್ರಾಯಿಟ್ ಪಂದ್ಯ. ವೆನಿಜುವೆಲಾದ ಅರ್ಮಾಂಡೊ ಗಲರಾಗಾ 26 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. 27ನೆಯವನೂ ಔಟಾದರೆ ಪರ್ಫೆಕ್ಟ್ ಗೇಮ್, ಆ ಹೊತ್ತಿಗೆ ನೂರು ವರ್ಷಕ್ಕೂ ಜಾಸ್ತಿ ಇತಿಹಾಸದಲ್ಲಿ ಇಪ್ಪತ್ತೇ ಇದ್ದದ್ದು. ಔಟಾಗಿದ್ದ, ಸ್ಪಷ್ಟವಾಗಿ. ಅಂಪೈರ್ ಜಿಮ್ ಜಾಯ್ಸ್ ಕೈ ಅಗಲಿಸಿ ನಾಟೌಟ್ ಅಂದ. ಗಲರಾಗಾ ಕೂಗಾಡಲಿಲ್ಲ. ನಕ್ಕ. ನಿಜವಾಗಲೂ ನಕ್ಕ, ವಿಡಿಯೊ ಇದೆ. ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ರೀಪ್ಲೇ ನೋಡಿದ ಜಾಯ್ಸ್ ತಾನು ತಪ್ಪಿದೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡ, ಗಲರಾಗಾನ ಹತ್ತಿರ ಕ್ಷಮೆ ಕೇಳಿದ. ಮಾರನೇ ದಿನ ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ಮ್ಯಾನೇಜರ್ ಬದಲು ಗಲರಾಗಾನೇ ಬಂದ. ಜಾಯ್ಸ್ ಕಣ್ಣೊರೆಸಿಕೊಂಡು ಅವನ ಹೆಗಲು ತಟ್ಟಿದ.

ನಮ್ಮ ವಿಶಿ ನೆನಪಾಗುವುದು ಇಲ್ಲೇ. 1980ರ ಮುಂಬೈ ಜ್ಯುಬಿಲಿ ಟೆಸ್ಟ್‌ನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನಾಯಕರು. ಇಂಗ್ಲೆಂಡ್‌ನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು, ವಿಶಿ ಅವರು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿ ನಮ್ಮನ್ನು 10 ವಿಕೆಟ್‌ಗಳಿಂದ ಸೋಲಿಸಿದರು. ವಿಶಿ ಅವರನ್ನು ಯಾರಾದರೂ ಅದಕ್ಕೆ ಇವತ್ತು ದೂರುತ್ತಾರಾ? ಇನ್ನು 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ನಮ್ಮದೇ ರಾಹುಲ್ ಡೆಲ್ಲಿ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಅಂತ ಬ್ಯಾಟ್ ಊರಿದಾಗ ಎಷ್ಟು ಜನ ಸಿಟ್ಟಾದರು! ಕೊಹ್ಲಿ ಏನು ಮಾಡಿದ? ಅದೇ ತಿಂಗಳು ಡೆಲ್ಲಿಯಲ್ಲಿ ಆರ್‌ಸಿಬಿ ಗೆದ್ದ ಮೇಲೆ ರಾಹುಲ್ ಮುಂದೆಯೇ ಹೋಗಿ ಆ ವೃತ್ತದ ಅಣಕು ಮಾಡಿ ತೋರಿಸಿದ, ಇಬ್ಬರೂ ನಕ್ಕರು. ಉತ್ತರ ಕೊಡಬೇಕು ಅನ್ನಿಸಿದರೆ ಕೊಡುವ ರೀತಿ ಅದು.

ಬೇಸ್‌ಬಾಲ್‌ನವರು ಕಲಿಯುತ್ತಿದ್ದಾರೆ, ನಿಧಾನವಾಗಿ. ಹೋಮ್ ರನ್ ಹೊಡೆದವನಿಗೆ ಬ್ಲೂ ಜೇಸ್ ಒಂದು ಜಾಕೆಟ್ ಹಾಕಿಸುತ್ತಿತ್ತು, ಏಂಜಲ್ಸ್ ತಂಡ ಸಮುರಾಯ್ ಶಿರಸ್ತ್ರಾಣ ತೊಡಿಸುತ್ತಿತ್ತು. ಲೀಗ್‌ನವರೇ ಹುಡುಗರನ್ನು ಆಡಲು ಬಿಡಿ ಅಂತ ಜಾಹೀರಾತು ಮಾಡಿದ್ದಾರೆ. ಸೇಡಿನ ಚೆಂಡು ಮಾತ್ರ ಇನ್ನೂ ಹೋಗಿಲ್ಲ. 2025ರ ಜೂನ್‌ನಲ್ಲಿ ಡಾಡ್ಜರ್ಸ್, ಪಡ್ರೇಸ್ ಸರಣಿಯಲ್ಲಿ ನೀನೊಂದು ನಾನೊಂದು ಅಂತ ಬ್ಯಾಟರ್‌ಗಳ ಮೈಗೆ ಚೆಂಡು ಬೀಳುತ್ತಲೇ ಇತ್ತು. ಕೊನೆಯ ದಿನ ಟಾಟಿಸ್‌ಗೆ ಬಿತ್ತು, ಮ್ಯಾನೇಜರ್‌ಗಳು ಮೈದಾನದಲ್ಲೇ ಕಿತ್ತಾಡಿದರು, ಆಮೇಲೆ ಒಹ್ಟಾನಿಗೆ ಬಿತ್ತು. ಡಾಡ್ಜರ್ಸ್ ಆಟಗಾರರು ನುಗ್ಗಲು ತಯಾರಾಗಿ ನಿಂತಿದ್ದರು. ಒಹ್ಟಾನಿ ಬರಬೇಡಿ ಅಂತ ಕೈ ಬೀಸಿದ, ಮೊದಲ ಬೇಸ್‌ಗೆ ನಡೆದ, ಎದುರಾಳಿಯ ಬೆಂಚ್ ಹತ್ತಿರ ಹೋಗಿ ನಗುತ್ತಾ ಮಾತಾಡುತ್ತಾ ನಿಂತ.

ಸಂಪಾದಕರಲ್ಲಿ ಒಂದೇ ಕೋರಿಕೆ. 2028ರಲ್ಲಿ ಬೇಸ್‌ಬಾಲ್ ಇರುವುದು ಆರೇ ತಂಡ, ಪಂದ್ಯಗಳು ಡಾಡ್ಜರ್ ಸ್ಟೇಡಿಯಂನಲ್ಲಿ. ಯಾರಾದರೂ ಬ್ಯಾಟ್ ಎಸೆದ ಫೋಟೊ ಬಂದೇ ಬರುತ್ತದೆ. ಅದರ ಕೆಳಗೆ ಅತಿರೇಕ, ಉದ್ಧಟತನ ಅಂತ ಏಜೆನ್ಸಿಯವರು ಕಳಿಸಿದ್ದನ್ನು ಹಾಗೇ ಹಾಕಬೇಡಿ. ಎಸೆದವನು ಯಾವ ದೇಶದವನು, ಅಲ್ಲಿ ಅದಕ್ಕೆ ಏನು ಬೆಲೆ, ಪಿಚರ್ ತಿರುಗಿ ಏನು ಮಾಡಿದ ಅಂತ ಎರಡು ಸಾಲು ಬರೆಸಿ. ಲಾಸ್ ಏಂಜಲಿಸ್‌ನ ಸಂಜೆ ಏಳು ಅಂದರೆ ನಮಗೆ ಮಾರನೇ ಬೆಳಗ್ಗೆ ಏಳೂವರೆ. ನಿಮ್ಮ ಮುಂದಿನ ಸಂಚಿಕೆಗೆ ಇಡೀ ಹಗಲು ಟೈಮ್ ಇರುತ್ತದೆ, ಆತುರದಲ್ಲಿ ಆಗಿಹೋಯಿತು ಅನ್ನುವ ನೆಪ ಇರುವುದಿಲ್ಲ.

ಇಂತಿ,
ಬೆಳಗಿನ ಜಾವ ಬೇಸ್‌ಬಾಲ್ ನೋಡುವ ಒಬ್ಬ ಓದುಗ, ಶಿವಮೊಗ್ಗ